ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ, ಸೈಕಲ್ಲಿನಲ್ಲಿ

ಶಿವರಾತ್ರಿ ಹತ್ತಿರ ಬಂದರೆ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೆದು ಹೋಗುತ್ತಾರೆ. ಅದೇ ದಿನಗಳಲ್ಲಿ ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿನಿಂದ ಸೈಕಲ್ ಹತ್ತಿದೆವು. ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿ, ಉಜಿರೆ ದಾರಿ. ಸುಮಾರು 320 ಕಿಲೋಮೀಟರ್, ಮೂರು ದಿನ.

ಮೊದಲ ದಿನ ಬೆಳಗ್ಗೆ ನಾಲ್ಕಕ್ಕೇ ಹೊರಟು ಚನ್ನರಾಯಪಟ್ಟಣ ಸೇರಿದೆವು. ಹೆದ್ದಾರಿ ಚೆನ್ನಾಗಿದೆ, ಬಿಸಿಲೇ ಕಷ್ಟ. ಹನ್ನೊಂದರಿಂದ ಮೂರರವರೆಗೆ ಸುಮ್ನೆ ನೆರಳಿನಲ್ಲಿ ಮಲಗಿದೆವು. ಪಾದಯಾತ್ರಿಗಳಿಗೆ ಅಂತ ಶಾಮಿಯಾನ ಹಾಕಿ ಮಜ್ಜಿಗೆ ಹಂಚುತ್ತಿದ್ದವರು ನಮ್ಮನ್ನೂ ಕೂಗಿ ಕರೆದರು.

ಎರಡನೇ ದಿನ ಹಾಸನ ದಾಟುವಷ್ಟರಲ್ಲಿ ಒಬ್ಬ ಗೆಳೆಯನಿಗೆ ಮಂಡಿ ಚಿಪ್ಪಿನ ಮುಂದೆ ನೋವು ಶುರುವಾಯಿತು. ನೋಡಿದರೆ ಸೀಟು ತಗ್ಗಿನಲ್ಲಿತ್ತು. ಪೆಡಲ್ ಪೂರ್ತಿ ಕೆಳಗೆ ಬಂದಾಗಲೂ ಮಂಡಿ ಜಾಸ್ತಿ ಮಡಚಿಯೇ ಇರುತ್ತಿತ್ತು. ಒಂದು ಬೆರಳಿನಷ್ಟು ಏರಿಸಿದೆವು. ಬೇಲೂರು ಬರುವ ಹೊತ್ತಿಗೆ ನೋವು ಕಡಿಮೆಯಾಗಿತ್ತು. ಇದನ್ನು ಮನೆಯಲ್ಲೇ ನೋಡಿಕೊಳ್ಳಬೇಕಿತ್ತು. ಆ ರಾತ್ರಿ ಮೂಡಿಗೆರೆಯಲ್ಲಿ ತಂಗಿದೆವು.

ಮೂರನೇ ದಿನ, ಘಾಟಿ ಇಳಿಯುವ ಮುಂಚೆ ಸಿಗುವ ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆ ತಿಂದು ಹೊರಗೆ ಬಂದಾಗ ರಸ್ತೆ ಪಕ್ಕ ಒಬ್ಬ ಅಮ್ಮ ಕೂತಿದ್ದರು. ಅರವತ್ತು ದಾಟಿರಬಹುದು. ಚಪ್ಪಲಿ ಇಲ್ಲ. ಎರಡೂ ಪಾದಕ್ಕೆ ಹಳೇ ಸೀರೆಯ ಬಟ್ಟೆ ಸುತ್ತಿದ್ದರು, ಹಿಮ್ಮಡಿಯ ಕಡೆ ಬಟ್ಟೆ ಒದ್ದೆಯಾಗಿತ್ತು. ನಮ್ಮ ಹತ್ತಿರವಿದ್ದ ಹತ್ತಿ, ಮುಲಾಮು, ಪಟ್ಟಿ ಎಲ್ಲಾ ಕೊಟ್ಟೆವು. ಬೊಬ್ಬೆ ಒಡೆದ ಜಾಗಕ್ಕೆ ತಾವೇ ಪಟ್ಟಿ ಸುತ್ತಿಕೊಂಡು, "ಘಾಟಿಲಿ ನಿಧಾನಕ್ಕೆ ಇಳೀರಪ್ಪಾ, ನಮ್ಮೋರೆಲ್ಲಾ ಓರದಲ್ಲೇ ನಡೀತಿರ್ತಾರೆ" ಅಂದರು.

ಆ ಮಾತು ಇಳಿಯುವಾಗ ಕಿವಿಯಲ್ಲೇ ಇತ್ತು. ಘಾಟಿ ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆಯೇ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಬೇಕು, ಆಮೇಲೆ ಬಿಡಬೇಕು. ಒಳಗಿನ ಪೆಡಲ್ ಮೇಲಿರಬೇಕು, ಇಲ್ಲದಿದ್ದರೆ ಸೈಕಲ್ ವಾಲಿದಾಗ ನೆಲಕ್ಕೆ ತಾಗುತ್ತದೆ. ನಮ್ಮಲ್ಲೊಬ್ಬ ಭಯಕ್ಕೆ ಬ್ರೇಕ್ ಬಿಡಲೇ ಇಲ್ಲ. ರಬ್ಬರ್ ಸುಟ್ಟ ವಾಸನೆ ಬಂತು. ನಿಲ್ಲಿಸಿ ರಿಮ್ ಹತ್ತಿರ ಕೈ ಒಡ್ಡಿದರೆ ಒಲೆಯ ಮುಂದೆ ಹಿಡಿದ ಹಾಗಿತ್ತು. ಕಾಲು ಗಂಟೆ ಕಾದೆವು. ಆ ಹೊತ್ತಿನಲ್ಲಿ "ಓಂ ನಮಃ ಶಿವಾಯ" ಅನ್ನುತ್ತಾ ಎಷ್ಟೋ ಗುಂಪು ನಮ್ಮನ್ನು ದಾಟಿ ನಡೆದವು. ಅಲ್ಲಿಂದ ಪ್ರತಿ ಗುಂಪಿನ ಹಿಂದೆ ವೇಗ ತಗ್ಗಿಸಿ, ಬೆಲ್ ಬಾರಿಸದೆ "ಅಣ್ಣಾ, ಪಕ್ಕ" ಅಂತ ಕೂಗಿ ಮುಂದೆ ಹೋದೆವು. ಬೆನ್ನ ಹಿಂದೆ ಥಟ್ಟನೆ ಬೆಲ್ ಸದ್ದಾದರೆ ದಣಿದವರು ಬೆಚ್ಚಿ ರಸ್ತೆ ಮಧ್ಯಕ್ಕೇ ಬಂದುಬಿಡುತ್ತಾರೆ.

ಮಧ್ಯಾಹ್ನ ಎರಡಕ್ಕೆ ಧರ್ಮಸ್ಥಳ. ಮಂಜುನಾಥನ ದರ್ಶನ ಮಾಡಿ, ಅನ್ನಪೂರ್ಣ ಛತ್ರದಲ್ಲಿ ಊಟಕ್ಕೆ ಕೂತಾಗ ಲೆಕ್ಕ ಹಾಕಿದೆ. ಆ ಅಮ್ಮ ಇನ್ನೂ ಘಾಟಿಯಲ್ಲೇ ಇರುತ್ತಾರೆ ಅಲ್ವಾ?

ಅದಕ್ಕೇ ಒಂದು ರಾತ್ರಿ ಉಳಿದೆವು. ಮಾರನೆಯ ದಿನ ಬೆಳಗ್ಗೆ ನೇತ್ರಾವತಿ ಸ್ನಾನಘಟ್ಟದಲ್ಲಿ ತುಂಬಾ ಹೊತ್ತು ಹುಡುಕಿದೆವು. ಅವರು ಸಿಗಲಿಲ್ಲ. ಮೆಟ್ಟಿಲ ಉದ್ದಕ್ಕೂ ಜನ ಕೂತು, ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಪಾದಗಳನ್ನು ಮೆಲ್ಲಗೆ ನೀರಿಗೆ ಇಳಿಸುತ್ತಿದ್ದರು.