ಲಗ್ನಪತ್ರಿಕೆ ತೆರೆಯಲು ಇನ್‌ಸ್ಟಾಲ್ ಏಕೆ ಬೇಕು?

ಕಳೆದ ವೈಶಾಖದಲ್ಲಿ, ಚನ್ನಗಿರಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನವರ ನಂಬರಿನಿಂದ ದಾವಣಗೆರೆಯ ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಲಗ್ನಪತ್ರಿಕೆ ಬಂದಿತು. ಕೆಳಗೆ "ತಪ್ಪದೇ ಬನ್ನಿ" ಎಂಬ ಒಕ್ಕಣೆಯೂ ಇತ್ತು. ದೊಡ್ಡಪ್ಪನ ಮನೆಯಲ್ಲಿ ಮದುವೆ ವಯಸ್ಸಿನವರೇ ಇಲ್ಲವೆಂಬುದು ನಮಗೆಲ್ಲ ಗೊತ್ತಿದ್ದರೂ, ಬೀಗರ ಕಡೆಯದಿರಬಹುದೆಂದು ಇಬ್ಬರು ಅದನ್ನು ಒತ್ತಿಯೇ ಬಿಟ್ಟರು. ಕಡತದ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಅಕ್ಷರಗಳಿದ್ದುದನ್ನು ಯಾರೂ ಗಮನಿಸಿರಲಿಲ್ಲ.

ಪತ್ರಿಕೆಯೆಂದರೆ ಚಿತ್ರವಾಗಿರಬೇಕು, ಇಲ್ಲವೇ ಪಿಡಿಎಫ್ ಆಗಿರಬೇಕು. ಎಪಿಕೆ ಎಂಬುದು ಆಂಡ್ರಾಯ್ಡ್ ಫೋನಿನಲ್ಲಿ ಹೊಸ ಆ್ಯಪ್ ಕೂರಿಸುವ ಕಡತ. ಅದನ್ನು ಒತ್ತಿದೊಡನೆ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ. ಪ್ಲೇ ಸ್ಟೋರ್‌ನ ಹೊರಗಿನಿಂದ ಬಂದ ಆ್ಯಪ್ ಇದು, ಕೂರಿಸಲು ಒಪ್ಪಿಗೆಯಿದೆಯೇ ಎಂದು ಫೋನ್ ಕೇಳುತ್ತದೆ. ಆಮೇಲೆ ಆ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಬೇಡುತ್ತದೆ. ಎರಡಕ್ಕೂ ‘ಸರಿ’ ಎಂದವರ ಫೋನಿಗೆ ಬರುವ ಒಟಿಪಿಗಳು ಕಳ್ಳರ ಕೈಸೇರುತ್ತವೆ, ಅದೇ ಒಟಿಪಿಯಿಂದ ಅವರ ವಾಟ್ಸ್‌ಆ್ಯಪ್ ಖಾತೆಯೂ ಹೋಗುತ್ತದೆ, ಅಲ್ಲಿಂದ ಅದೇ ಪತ್ರಿಕೆ ಅವರ ಬಂಧುಬಳಗಕ್ಕೆಲ್ಲ ಹಂಚಿಕೆಯಾಗುತ್ತದೆ. ದೊಡ್ಡಪ್ಪನೂ ಎರಡು ದಿನ ಮೊದಲು ಇಂಥದ್ದೇ ಪತ್ರಿಕೆಯನ್ನು ತೆರೆದಿದ್ದರು. ಆದ್ದರಿಂದ ಗೊತ್ತಿರುವ ನಂಬರಿನಿಂದ ಬಂದಿದೆ ಎಂಬುದಷ್ಟನ್ನೇ ನೆಚ್ಚಿಕೊಳ್ಳುವಂತಿಲ್ಲ. ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತು, ಬ್ಯಾಂಕಿನ ಕೆವೈಸಿ ಎಂದು ಹೆಸರು ಬದಲಾದರೂ ಕೊನೆಯ ಆ ಮೂರು ಅಕ್ಷರ ಬದಲಾಗುವುದಿಲ್ಲ.

ಮೋಸದ ಸಂದೇಶವನ್ನು ಅದರ ಲಾಂಛನ, ಸೀಲು, ರುಜುಗಳಿಂದ ಗುರುತಿಸಲು ಹೋದರೆ ಸೋಲುವುದೇ ಹೆಚ್ಚು, ಏಕೆಂದರೆ ಇವತ್ತು ಅವನ್ನೆಲ್ಲ ಅಚ್ಚುಕಟ್ಟಾಗಿ ನಕಲು ಮಾಡಬಹುದು. ಸಂದೇಶ ನಮ್ಮಿಂದ ಏನನ್ನು ಮಾಡಿಸಲು ಹೊರಟಿದೆ ಎಂಬುದನ್ನು ನೋಡಬೇಕು. ಏನನ್ನಾದರೂ ಇನ್‌ಸ್ಟಾಲ್ ಮಾಡಿಸುವುದು, ಪಿನ್ ಅಥವಾ ಒಟಿಪಿ ಹಾಕಿಸುವುದು, ಯಾರಿಗೂ ಹೇಳಬೇಡಿ ಎನ್ನುವುದು, ಈಗಲೇ ಆಗಬೇಕು ಎಂದು ಅವಸರಪಡಿಸುವುದು: ಇವುಗಳಲ್ಲಿ ಒಂದು ಕಂಡರೂ ಕೈ ತಡೆಯುವುದು ಲೇಸು.

ಹಳೆಯ ಟಿಲ್ಲರನ್ನೋ ಸೋಫಾವನ್ನೋ ಮಾರುವುದಕ್ಕೆಂದು ಫೇಸ್‌ಬುಕ್‌ನಲ್ಲಿ ಹಾಕಿದವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಚೌಕಾಸಿಯನ್ನೇ ಮಾಡದೆ ಕೇಳಿದ ಬೆಲೆಗೆ ಒಪ್ಪುವ ಗಿರಾಕಿ (ಚೌಕಾಸಿಯಿಲ್ಲದ ವ್ಯಾಪಾರ ನಮ್ಮ ಊರಿನಲ್ಲಿ ಎಂದಾದರೂ ನಡೆದಿದೆಯೇ?) ತಾನು ಸೇನೆಯಲ್ಲಿದ್ದೇನೆಂದು ಗುರುತಿನ ಚೀಟಿಯ ಚಿತ್ರ ಕಳುಹಿಸುತ್ತಾನೆ, ಬಳಿಕ ಒಂದು ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ನಿಮ್ಮ ಖಾತೆಗೆ ಬರುತ್ತದೆ ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಪಿನ್ ಹಾಕಿದರೆಂದರೆ ಹಣ ಕೊಟ್ಟರೆಂದೇ ಅರ್ಥ. "ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದನ್ನು ವಾಪಸು ಕಳುಹಿಸಿ" ಎಂದು ಅಳುವ ಕರೆ ಬಂದರೆ, ಬಂದಿರುವ ಎಸ್‌ಎಂಎಸ್ ಅನ್ನು ನಂಬದೆ ಬ್ಯಾಂಕಿನ ಆ್ಯಪ್ ತೆರೆದು ಶಿಲ್ಕು ನೋಡಬೇಕು.

ಪರಿಚಿತರ ಹೆಸರಿನಲ್ಲಿ ಸಾಲ ಕೇಳುವ ಸಂದೇಶವನ್ನು ಹಿಡಿಯಲು ಭಾಷೆಯೇ ಸಾಕಾಗುವುದುಂಟು. ದಿನವೂ "ಏನ್ಲೇ, ಉಂಡೇನು" ಎಂದು ಬರೆಯುವ ಗೆಳೆಯ ಒಮ್ಮೆಲೇ "ನೀವು ಹೇಗಿದ್ದೀರಿ, ನನಗೆ ತುರ್ತಾಗಿ ಹಣದ ಅಗತ್ಯವಿದೆ" ಎಂದು ಬರೆದರೆ, ಬರೆದವನು ಅವನಲ್ಲ. ಉತ್ತರಿಸದೆ ಅವನ ನಂಬರಿಗೆ ನೇರವಾಗಿ ಕರೆ ಮಾಡಬೇಕು.

ಸಿಬಿಐ ಅಥವಾ ಪೊಲೀಸ್ ವೇಷ ತೊಟ್ಟು ವೀಡಿಯೊ ಕರೆಯಲ್ಲಿ ಕೂರಿಸಿಕೊಳ್ಳುವ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ, ಕರೆ ಕತ್ತರಿಸಿದರೆ ಆಯಿತು. ಶೇರು ಹೂಡಿಕೆಯ ಜಾಹೀರಾತುಗಳು ಇದಕ್ಕಿಂತ ನಯವಾದವು. ನಾರಾಯಣ ಮೂರ್ತಿಯವರ ಮುಖ ಮತ್ತು ದನಿಯನ್ನು ಕೃತಕವಾಗಿ ಜೋಡಿಸಿದ ವೀಡಿಯೊಗಳು ಹರಿದಾಡಿದಾಗ, 2023ರಲ್ಲಿ ಅವರೇ ಅವು ನಕಲಿ ಎಂದು ಎಚ್ಚರಿಸಬೇಕಾಯಿತು. ಇಂಥ ಗುಂಪುಗಳು ಮೊದಲಿಗೆ ಸಣ್ಣ ಲಾಭವನ್ನು ನಿಜವಾಗಿಯೂ ಕೊಡುತ್ತವೆ. ದೊಡ್ಡ ಮೊತ್ತವನ್ನು ತೆಗೆಯಲು ಹೋದಾಗ ಮುಂಗಡ ತೆರಿಗೆ ಕಟ್ಟಿ ಎನ್ನುತ್ತವೆ.

ಹಣ ಕೇಳದ ಸುಳ್ಳು ಸುದ್ದಿಗೆ ಬೇರೆ ಪರೀಕ್ಷೆ ಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ, ಕೆಳಗಿನ ಹಳ್ಳಿಗಳವರು ಊರು ಬಿಡಬೇಕು ಎಂಬ ಒಕ್ಕಣೆಯೊಡನೆ ವೀಡಿಯೊ ಒಂದು ಬಂದಿತೆಂದಿಟ್ಟುಕೊಳ್ಳೋಣ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಆಗ ಜನ ಹಬ್ಬದಂತೆ ನೋಡಲು ಹೋಗಿ ತೆಗೆದ ವೀಡಿಯೊಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ದೃಶ್ಯ ನಿಜವಿದ್ದರೂ ದಿನಾಂಕ ಸುಳ್ಳಾಗಿರಬಹುದು. ವೀಡಿಯೊದ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಮೊದಲು ಎಲ್ಲಿ ಕಾಣಿಸಿಕೊಂಡಿತ್ತೆಂಬ ಸುಳಿವು ಸಿಗುವುದುಂಟು. ಜಲಾಶಯದ ಆ ದಿನದ ಮಟ್ಟ ಪತ್ರಿಕೆಗಳಲ್ಲಿಯೂ ಬರುತ್ತದೆ. ಸಂದೇಶದ ತಲೆಯ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ತಿಳಿಯಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುದ್ದಿಯನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸಬಹುದೆಂಬ ಮಿತಿ ಭಾರತದಲ್ಲಿ ಬಂದದ್ದು ಅದೇ ತಿಂಗಳು.

ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರದೆ, ಮೊದಲ ಗಂಟೆಯಲ್ಲಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಹಣ ಇನ್ನೂ ಮೊದಲು ಹೋದ ಖಾತೆಯಲ್ಲಿಯೇ ಇದ್ದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ಮೊತ್ತ ಮತ್ತು ಸಮಯವನ್ನು ಬರೆದಿಟ್ಟುಕೊಂಡಿರಬೇಕು. ಎಪಿಕೆ ಕೂರಿಸಿದ್ದರೆ ಮೊದಲು ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಸಿಟ್ಟಿನಲ್ಲಿ ಚಾಟ್ ಅಳಿಸಬಾರದು. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಬರೆಸುವಾಗ ಅದೇ ಸಾಕ್ಷಿ.

ದೂರು ಕೊಟ್ಟ ಕೆಲವು ದಿನಗಳಿಗೆ ಮತ್ತೊಂದು ಕರೆ ಬರಬಹುದು: ಕಳೆದುಹೋದ ಹಣವನ್ನು ವಾಪಸು ಕೊಡಿಸುತ್ತೇವೆ, ಅದಕ್ಕೆ ಸ್ವಲ್ಪ ಶುಲ್ಕ ಕಟ್ಟಬೇಕು ಎಂದು. ನಮ್ಮ ದೊಡ್ಡಪ್ಪನಿಗೂ ಅದು ಬಂದಿತ್ತು. ಈ ಸಲ ಅವರು ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟರು.