ಫ್ಲಾಸ್ಕಿನ ಕಾಫಿ ಮತ್ತು 4,400 ಕಿಲೋಮೀಟರ್

ಜಾವಗಲ್ ಹತ್ತಿರದ ಒಂದು ಬಸ್ ತಂಗುದಾಣ. ಬೆಳಗಿನ ಜಾವ ಮೂರೂಕಾಲು. ಕಲ್ಲು ಬೆಂಚಿನ ಮೇಲೆ, ಮಲಗುವ ಚೀಲದೊಳಗೆ ಕತ್ತಿನವರೆಗೂ ತೂರಿಕೊಂಡು ನಿದ್ದೆ ಹೋಗಿದ್ದೆ. ಮುಖದ ಮೇಲೆ ಟಾರ್ಚ್ ಬೆಳಕು ಬಿತ್ತು.

"ಬದುಕಿದ್ದೀಯೇನಪ್ಪಾ? ನಿಮ್ಮಮ್ಮ ಫೋನ್ ಮಾಡಿದ್ದಳು."

ಅಮ್ಮನ ಚಿಕ್ಕಪ್ಪನ ಮಗ, ನನಗೆ ಮಾವ. ಲುಂಗಿಯ ಮೇಲೆ ಸ್ವೆಟರ್, ತಲೆಗೆ ಮಫ್ಲರ್, ಕೈಯಲ್ಲಿ ಫ್ಲಾಸ್ಕ್. ನಾನು ಎಲ್ಲಿದ್ದೇನೆಂದು ತಿಳಿಯಲಿ ಎಂದು ಮೊಬೈಲಿನ ಲೊಕೇಶನ್ ಮನೆಯವರಿಗೆ ತೋರುವಂತೆ ಇಟ್ಟಿದ್ದೆ. ನಕ್ಷೆಯ ಮೇಲಿನ ಚುಕ್ಕೆ ಎರಡು ಗಂಟೆ ಕದಲದೆ ಇದ್ದುದನ್ನು ಕಂಡು ಅಮ್ಮನ ಜೀವ ಬಾಯಿಗೆ ಬಂದಿತ್ತು. ಅಲ್ಲಿಗೆ ಹತ್ತಿರದಲ್ಲಿ ನಮ್ಮವರು ಯಾರಿದ್ದಾರೆಂದು ಹುಡುಕಿ, ಅವರನ್ನು ಹಾಸಿಗೆಯಿಂದ ಎಬ್ಬಿಸಿ ಕಳುಹಿಸಿದ್ದಳು.

"ಮಾವ, ಈ ಕಾಫಿ ಕುಡಿದರೆ ನನ್ನ ಸವಾರಿ ಲೆಕ್ಕಕ್ಕೆ ಬರುವುದಿಲ್ಲ" ಎಂದೆ. ಅವರು ಲೋಟಕ್ಕೆ ಬಗ್ಗಿಸುತ್ತಲೇ, "ಲೆಕ್ಕ ಆಮೇಲೆ ನೋಡೋಣ, ಮೊದಲು ಕುಡಿ" ಎಂದರು. ಕುಡಿದೆ. ಹದಿನಾಲ್ಕು ತಿಂಗಳ ನನ್ನ ತಯಾರಿಯಲ್ಲಿ ಅತಿ ಕಷ್ಟದ ಪಾಠ ಯಾವುದೆಂದು ಆ ರಾತ್ರಿ ಗೊತ್ತಾಯಿತು.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಲೆಕ್ಕ ಬರೆಯುವವನು. ವಯಸ್ಸು ನಲವತ್ತೆರಡು. ಹೋಗಬೇಕೆಂದು ಹಟ ಹಿಡಿದದ್ದು ಟೂರ್ ಡಿವೈಡ್ ಎಂಬ ಸೈಕಲ್ ರೇಸಿಗೆ. ಕೆನಡಾದ ಬ್ಯಾನ್ಫ್‌ನಿಂದ ಹೊರಟು, ರಾಕಿ ಪರ್ವತಗಳ ಬೆನ್ನು ಹಿಡಿದು ದಕ್ಷಿಣಕ್ಕೆ ಇಳಿದು, ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಆಂಟಿಲೋಪ್ ವೆಲ್ಸ್‌ನಲ್ಲಿ ಮುಗಿಯುವ ದಾರಿ. ಸುಮಾರು 4,400 ಕಿಲೋಮೀಟರ್, ಹೆಚ್ಚಿನ ಪಾಲು ಮಣ್ಣು ಮತ್ತು ಜಲ್ಲಿ. 2008ರಿಂದ ನಡೆಯುತ್ತಿದೆ, ಜೂನ್ ತಿಂಗಳ ಎರಡನೇ ಶುಕ್ರವಾರ ಹೊರಡುವುದು ವಾಡಿಕೆ. ಪ್ರವೇಶ ಶುಲ್ಕವಿಲ್ಲ, ಬಹುಮಾನವಿಲ್ಲ. 2016ರಲ್ಲಿ ಮೈಕ್ ಹಾಲ್ ಎಂಬ ಸವಾರ ಇದನ್ನು ಹದಿನಾಲ್ಕು ದಿನಕ್ಕೂ ಕಡಿಮೆ ಅವಧಿಯಲ್ಲಿ ಮುಗಿಸಿದ್ದರು. ನಾನು ಇಟ್ಟುಕೊಂಡದ್ದು ಇಪ್ಪತ್ತೇಳು ದಿನದ ಗುರಿ, ಅಂದರೆ ದಿನಕ್ಕೆ ಸುಮಾರು 163 ಕಿಲೋಮೀಟರ್. ರೇಸಿನ ಕಥೆ ಇನ್ನೊಮ್ಮೆ. ಇಲ್ಲಿ ಬರೆಯುತ್ತಿರುವುದು ಅದಕ್ಕೆ ಮುಂಚಿನದು.

ಇದರ ಮುಖ್ಯ ನಿಯಮ ಒಂದೇ: ನಿನ್ನ ಭಾರ ನಿನ್ನದೇ. ದಾರಿಯ ಅಂಗಡಿ, ಹೋಟೆಲ್, ಸೈಕಲ್ ರಿಪೇರಿ ಅಂಗಡಿ ಎಲ್ಲರಿಗೂ ತೆರೆದಿರುವುದರಿಂದ ಬಳಸಬಹುದು. ಗೊತ್ತಿಲ್ಲದ ಯಾರೋ ತಾವಾಗಿ ಒಂದು ಲೋಟ ನೀರು ಕೊಟ್ಟರೆ ದೊಡ್ಡ ತಕರಾರಿಲ್ಲ. ಆದರೆ ಮುಂಚೆ ಮಾತಾಡಿಕೊಂಡು ಪಡೆಯುವ ನೆರವು ಕೂಡದು. ಅಮ್ಮ ಫೋನ್ ಮಾಡಿ ಏರ್ಪಾಡು ಮಾಡಿದ ಕಾಫಿ ಯಾವ ದೃಷ್ಟಿಯಿಂದ ನೋಡಿದರೂ ನಿಯಮಭಂಗವೇ.

ನಮ್ಮ ಕಡೆ ಇದು ಎಷ್ಟು ಕಷ್ಟವೆಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವನನ್ನು ಕಂಡರೆ ಮಲೆನಾಡಿನಲ್ಲಿ ಜೀಪು ನಿಲ್ಲದೆ ಮುಂದೆ ಹೋಗುವುದಿಲ್ಲ. "ಹಿಂದೆ ಹಾಕಿ, ಹತ್ತಿ" ಎನ್ನುತ್ತಾರೆ. ಬೇಡ ಎಂದರೆ ಮೊದಲು ನಗುತ್ತಾರೆ, ಆಮೇಲೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಸೋತು ಹತ್ತಿದ್ದೇನೆ. ಬೇಸರವಾಗದಂತೆ ಬೇಡ ಎನ್ನಲು ಕೊನೆಗೆ ಒಂದು ಮಾತು ಹುಡುಕಿಕೊಂಡೆ: "ಹರಕೆ ಇದೆ." ಅದಕ್ಕೆ ಯಾರೂ ಎದುರಾಡಲಿಲ್ಲ. ಪೂರ್ತಿ ಸುಳ್ಳೂ ಅಲ್ಲ.

ಏರು ನಮ್ಮಲ್ಲಿ ಮನೆ ಬಾಗಿಲಿಗೇ ಇದೆ. ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಕೊನೆಗೆ ಮೆಟ್ಟಿಲಿರುವುದರಿಂದ ಸೈಕಲ್ಲಿಗೆ ಸಿಗುವುದು ಸುಮಾರು 800 ಮೀಟರ್. ರೇಸಿನಲ್ಲಿ ಒಟ್ಟು ಏರಬೇಕಾದದ್ದು 60,000 ಮೀಟರಿನ ಆಸುಪಾಸು, ಅಂದರೆ ಗಿರಿಯನ್ನು ಎಪ್ಪತ್ತೈದು ಸಲ ಹತ್ತಿದಷ್ಟು. ಲೆಕ್ಕದವನಿಗೆ ಇಂಥ ಭಾಗಾಕಾರ ಮಾಡದೆ ಮನಸ್ಸು ನಿಲ್ಲುವುದಿಲ್ಲ. ವಾರಕ್ಕೆ ಎರಡು ಬೆಳಗ್ಗೆ ಐದಕ್ಕೆ ಎದ್ದು ಗಿರಿಯ ದಾರಿಯಲ್ಲಿರುವ ಕೈಮರ ದಾಟುತ್ತಿದ್ದೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳ ಸಾಲು, ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ರೇಸಿನ ಅತಿ ಎತ್ತರದ ಜಾಗ ಕೊಲೊರಾಡೊದ ಇಂಡಿಯಾನಾ ಪಾಸ್, ಸುಮಾರು 3,630 ಮೀಟರ್. ಅದಕ್ಕೆ ಇಲ್ಲಿ ಕುಳಿತು ಮಾಡುವ ತಯಾರಿ ಏನೂ ಇಲ್ಲ. ಅಲ್ಲಿಗೆ ಮುಟ್ಟುವ ಹೊತ್ತಿಗೆ ವಾರಗಟ್ಟಲೆ ಬೆಟ್ಟದಲ್ಲೇ ಇದ್ದು ಮೈ ಒಗ್ಗಿರುತ್ತದೆ ಎಂದು ನಂಬಿಕೊಂಡು ಆ ಚಿಂತೆ ಬಿಟ್ಟೆ.

ರಾತ್ರಿ ಸವಾರಿಯ ಪ್ರಶ್ನೆ ಬೇರೆ. ರೇಸಿನಲ್ಲಿ ಕರಡಿಯ ಭಯ. ಮೆಣಸಿನ ಸ್ಪ್ರೇ ಡಬ್ಬಿಯನ್ನು ಕೈಗೆಟಕುವಂತೆ ಕಟ್ಟಿಕೊಂಡು, ಊಟದ ಚೀಲವನ್ನು ಮಲಗುವ ಜಾಗದಿಂದ ದೂರ ಇಡಬೇಕು. ನಮ್ಮಲ್ಲಿ ಆನೆ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರದ ತೋಟಗಳಲ್ಲಿ ರಾತ್ರಿ ಸೈಕಲ್ ತುಳಿಯುವುದು ಸಾಹಸವಲ್ಲ, ಮೂರ್ಖತನ. ಆದ್ದರಿಂದ ರಾತ್ರಿ ಅಭ್ಯಾಸವೆಲ್ಲ ಬಯಲುಸೀಮೆಯ ಕಡೆಗೆ. ಶುಕ್ರವಾರ ಕೆಲಸ ಮುಗಿಸಿ ಹಳೇಬೀಡು, ಜಾವಗಲ್, ಅರಸೀಕೆರೆ, ಕಡೂರು ಸುತ್ತಿ ಶನಿವಾರ ಮಧ್ಯಾಹ್ನ ಮನೆ ಸೇರುವುದು. ಕೆರೆ ಏರಿ, ತೆಂಗಿನ ತೋಟದ ನಡುವಿನ ಮಣ್ಣು ದಾರಿ, ನಾಯಿಗಳು. ಮಾವ ಬಂದದ್ದು ಇದೇ ಸುತ್ತಿನಲ್ಲಿ.

ಚೀಲಗಳ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆಯಿದೆ. ಇಂಥ ರೇಸಿನಲ್ಲಿ ಕ್ಯಾರಿಯರ್ ಹಾಕುವವರು ಕಡಿಮೆ. ಹ್ಯಾಂಡಲ್ ಮುಂದೆ ಒಂದು ಸುರುಳಿ, ಸೀಟಿನ ಹಿಂದೆ ಒಂದು, ಫ್ರೇಮಿನ ತ್ರಿಕೋನದೊಳಗೆ ಒಂದು. ಹೊರದೇಶದಿಂದ ತರಿಸಿದರೆ ನನ್ನ ಒಂದು ತಿಂಗಳ ಸಂಬಳ. ನಮ್ಮೂರಿನಲ್ಲಿ ಜೀಪಿನ ಟಾಪು, ಸೀಟಿನ ಕವರು ಹೊಲಿಯುವ ಹಿರಿಯರೊಬ್ಬರಿದ್ದಾರೆ. ಸೈಕಲ್ಲನ್ನೇ ಅವರ ಅಂಗಡಿಗೆ ತಳ್ಳಿಕೊಂಡು ಹೋದೆ. ಅವರು ಒಂದು ರಟ್ಟಿನ ಪೆಟ್ಟಿಗೆ ಹರಿದು, ಫ್ರೇಮಿನೊಳಗೆ ಹಿಡಿದು, ಬಳಪದಲ್ಲಿ ಗೆರೆ ಎಳೆದು ಕತ್ತರಿಸಿ ಅಚ್ಚು ಮಾಡಿಕೊಂಡರು. ಮೊದಲ ಚೀಲ ಒಂಬತ್ತು ಸೆಂಟಿಮೀಟರ್ ದಪ್ಪ. ನೋಡಲು ಚೆನ್ನಾಗಿತ್ತು. ಆದರೆ ತುಂಬಿದ ಮೇಲೆ ಅದು ಹೊಟ್ಟೆ ಬಿಟ್ಟು, ಪ್ರತಿ ತುಳಿತಕ್ಕೂ ಮೊಣಕಾಲಿನ ಒಳಮಗ್ಗುಲು ಉಜ್ಜುತ್ತಿತ್ತು; ಕಡೂರು ಮುಟ್ಟುವಷ್ಟರಲ್ಲಿ ಚರ್ಮ ಕಿತ್ತಿತ್ತು. ಎರಡನೆಯದಕ್ಕೆ ಆರೂವರೆ ಸೆಂಟಿಮೀಟರ್ ಸಾಕೆಂದೆ. ಅವರು ಒಳಗೆ ಉದ್ದಕ್ಕೂ ಒಂದು ಅಡ್ಡಬಟ್ಟೆ ಹೊಲಿದು ಎರಡೂ ಮಗ್ಗುಲನ್ನು ಬಿಗಿದುಬಿಟ್ಟರು. ಇನ್ನು ತುಂಬಿದರೂ ಉಬ್ಬುವಂತಿಲ್ಲ. ಜಿಪ್ಪಿನ ಮೇಲೆ ಟಾರ್ಪಾಲಿನ ರೆಪ್ಪೆ ಇಟ್ಟದ್ದೂ ಅವರದೇ ಯೋಚನೆ. ಆ ಚೀಲ ಈಗಲೂ ಚೆನ್ನಾಗಿದೆ.

ಚಳಿ ಮಳೆಯ ಪಾಠವನ್ನು ಜುಲೈ ತಿಂಗಳ ಗಿರಿ ಕಲಿಸಿತು. ರಾಕಿಯಲ್ಲಿ ಜೂನ್‌ನಲ್ಲೂ ಹಿಮ ಬೀಳುವುದುಂಟು. ಅಷ್ಟು ಚಳಿ ನಮ್ಮಲ್ಲಿಲ್ಲ, ಆದರೆ ಬೆವರಿ ನೆನೆದ ಮೈಯಲ್ಲಿ ಸೀತಾಳಯ್ಯನಗಿರಿಯಿಂದ ಗಾಳಿಗೆ ಎದುರಾಗಿ ಇಳಿದರೆ ಬ್ರೇಕ್ ಹಿಡಿಯುವ ಬೆರಳು ಮಾತು ಕೇಳುವುದಿಲ್ಲ. ದುಬಾರಿ ಗ್ಲೌಸ್ ಅರ್ಧ ಗಂಟೆಯಲ್ಲಿ ನೀರು ಕುಡಿದವು. ತೋಟದಲ್ಲಿ ಬೋರ್ಡೋ ಸ್ಪ್ರೇ ಮಾಡುವವರು ಹಾಕಿಕೊಳ್ಳುವ ರಬ್ಬರ್ ಗವಸನ್ನು ಉಣ್ಣೆಯ ಗವಸಿನ ಮೇಲೆ ಎಳೆದುಕೊಂಡೆ. ಕೆಲಸ ಮುಗಿಯಿತು. ಬೂಟಿನೊಳಗೆ ಇಂಬಳ ಹೊಕ್ಕದ್ದನ್ನು ತಡೆಯಲು ಮಾತ್ರ ಏನೂ ಸಿಗಲಿಲ್ಲ. ರಾಕಿಯಲ್ಲಿ ಇಂಬಳವಿಲ್ಲ ಎಂಬ ಸಮಾಧಾನವಿತ್ತು.

ಸತತ ಸವಾರಿಯ ಎರಡನೇ ದಿನದ ಕೊನೆಗೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಹೊರ ಅಂಚಿನ ನರ ಒತ್ತಿದರೆ ಹೀಗಾಗುತ್ತದೆ. ಅಂಗಿಯ ಗುಂಡಿ ಹಾಕಲಾಗದೆ ಒಂದು ವಾರ ಹೆಂಡತಿಯ ಕೈಯಲ್ಲಿ ಹಾಕಿಸಿಕೊಂಡೆ. ಹ್ಯಾಂಡಲ್ ಎರಡು ಸೆಂಟಿಮೀಟರ್ ಎತ್ತರಿಸಿ, ಕೈ ಇಡುವ ಜಾಗ ಬದಲಿಸಲು ಅಡ್ಡ ಹಿಡಿ ಹಾಕಿದ ಮೇಲೆ ಕಡಿಮೆಯಾಯಿತು. ಇಂಥವು ಮೂರು ಗಂಟೆಯ ಸವಾರಿಯಲ್ಲಿ ಹೊರಬೀಳುವುದೇ ಇಲ್ಲ. ಸತತವಾಗಿ ಎರಡು ದಿನ, ಪೂರ್ತಿ ಭಾರ ಹೊತ್ತು ತುಳಿದಾಗಲೇ ಮೈ ಬಾಯಿ ಬಿಡುವುದು.

ಊಟದಲ್ಲಿ ನಾನು ಹಾಕಿಕೊಂಡ ಕಟ್ಟು ಮನೆಯಿಂದ ಬುತ್ತಿ ಕಟ್ಟಿಸಿಕೊಳ್ಳಬಾರದೆಂಬುದು. ರೇಸಿನಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಕ್ಕಿದ್ದೇ ಊಟ. ಇಲ್ಲಿ ಹಳ್ಳಿಯ ಬೇಕರಿಯ ಖಾರಾ ಬನ್, ದಿಲ್‌ಪಸಂದ್, ಪೆಟ್ಟಿಗೆ ಅಂಗಡಿಯ ಬಾಳೆಹಣ್ಣು, ಕಡಲೆ ಮಿಠಾಯಿ. ಹಾಸನ ಜಿಲ್ಲೆಯವರ ಕೈಗೆ ಬೇಕರಿ ಕೆಲಸ ಒಲಿದು ಬಂದದ್ದು, ಆದ್ದರಿಂದ ನನಗೆ ಕಷ್ಟವಾಗಲಿಲ್ಲ. ಹಸಿವಾಗುವವರೆಗೆ ಕಾಯದೆ ನಲವತ್ತು ನಿಮಿಷಕ್ಕೊಮ್ಮೆ ಏನಾದರೂ ತಿನ್ನುವುದನ್ನು ಹೊಟ್ಟೆಗೂ ಕಲಿಸಬೇಕು. ಮೊದಲ ತಿಂಗಳು ವಾಂತಿಯಾಗುತ್ತಿತ್ತು. ಆಮೇಲೆ ಹೊಟ್ಟೆ ಒಪ್ಪಿಕೊಂಡಿತು.

ಇನ್ನು ಕೆಸರು. ಮಳೆ ಬಿದ್ದಾಗ ಈ ದಾರಿಯ ಕೆಲವು ಕಡೆ, ಮುಖ್ಯವಾಗಿ ನ್ಯೂ ಮೆಕ್ಸಿಕೊದಲ್ಲಿ, ಜೇಡಿಮಣ್ಣು ಅಂಟಿಕೊಂಡು ಚಕ್ರವೇ ತಿರುಗದಂತಾಗುತ್ತದೆ ಎಂದು ಓದಿದ್ದೆ. ನಮ್ಮ ಕೆಮ್ಮಣ್ಣು ಜಾರುತ್ತದೆ, ಆದರೆ ಹಾಗೆ ಕಚ್ಚುವುದಿಲ್ಲ. ಕಚ್ಚುವುದು ಅಜ್ಜಂಪುರದ ಕಡೆಯ ಎರೆಮಣ್ಣು. ಮೇ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಬೇಕೆಂದೇ ಅಲ್ಲಿಗೆ ಹೋದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಚಕ್ರ ಮತ್ತು ಫ್ರೇಮಿನ ನಡುವೆ ಮಣ್ಣು ಗಾರೆಯ ಹಾಗೆ ಮೆತ್ತಿಕೊಂಡಿತು. ಅಲ್ಲಿ ಇಳಿದು ನಿಲ್ಲಬೇಕಿತ್ತು. ಜೋರಾಗಿ ತುಳಿದೆ. ಚಟ್ ಎಂದಿತು.

ಮುರಿದದ್ದು ಹ್ಯಾಂಗರ್. ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಬೆರಳುದ್ದದ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಮುರಿಯಲಿ ಎಂದೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಸೈಕಲ್ಲಿಗೆ ಒಂದೊಂದು ಅಳತೆ. ನನ್ನ ಬಳಿ ಇನ್ನೊಂದು ಇರಲಿಲ್ಲ. ಉಳಿದ ದಾರಿ ಒಂದೇ: ಡಿರೇಲರ್ ಬಿಚ್ಚಿ, ಚೈನ್ ಕತ್ತರಿಸಿ ಚಿಕ್ಕದು ಮಾಡಿ, ಒಂದೇ ಗೇರಿನ ಸೈಕಲ್ ಮಾಡಿಕೊಳ್ಳುವುದು. ಹೊಲದ ಬದುವಿನಲ್ಲಿ ಕುಳಿತು ಚೈನಿನ ಪಿನ್ ಒತ್ತುತ್ತಿದ್ದಾಗ ಎತ್ತು ಹೊಡೆದುಕೊಂಡು ಬರುತ್ತಿದ್ದ ಯಜಮಾನರೊಬ್ಬರು ನಿಂತರು.

"ಸ್ವಾಮಿ, ಟ್ರ್ಯಾಕ್ಟರ್ ಕರೆಯಲೇ?"

"ಬೇಡಿ ಯಜಮಾನರೇ, ಹರಕೆ ಇದೆ."

ಅವರು ಹೋಗಲಿಲ್ಲ. ಬದುವಿನ ಮೇಲೆ ಕುಳಿತು ಬೀಡಿ ಹಚ್ಚಿ, ನಾನು ಮಾಡುವುದನ್ನೆಲ್ಲ ನೋಡಿದರು. ಮೊದಲು ಹಾಕಿದ ಹಲ್ಲುಚಕ್ರ ತಪ್ಪಾಗಿತ್ತು. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ ನೇರ ಸಾಲಿನಲ್ಲಿ ಇರದಿದ್ದರೆ ಚೈನ್ ತಾನಾಗಿ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಹತ್ತುತ್ತದೆ. ಹತ್ತಿತು, ವೀಣೆಯ ತಂತಿಯಷ್ಟು ಬಿಗಿದು ನಿಂತಿತು. ಬಿಚ್ಚಿ, ಇನ್ನೂ ಒಂದು ಜೋಡಿ ಕೊಂಡಿ ತೆಗೆದು, ನೇರ ಸಾಲು ನೋಡಿ ಮತ್ತೆ ಸೇರಿಸಿದೆ. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಯಜಮಾನರು ಎದ್ದು ಪಂಚೆ ಕೊಡವಿಕೊಂಡು, "ಮೊದಲೇ ಇಳಿದು ಹುಲ್ಲಿನ ಮೇಲೆ ನಡೆದಿದ್ದರೆ ಆಗುತ್ತಿತ್ತಲ್ಲ" ಎಂದರು. ಒಂದು ವರ್ಷ ಓದಿದ ಯಾವ ಸಲಹೆಯೂ ಇಷ್ಟು ಸರಿಯಾಗಿರಲಿಲ್ಲ. ಅವತ್ತಿನಿಂದ ಎರಡು ಹ್ಯಾಂಗರ್ ಇಟ್ಟುಕೊಂಡೆ, ಮಣ್ಣು ಕೆರೆಯಲು ಒಂದು ಬಿದಿರ ಸೀಳು, ಮತ್ತು ಕೆಸರು ಕಂಡೊಡನೆ ಇಳಿಯುವ ಬುದ್ಧಿ.

ವೀಸಾದ ಗೋಳನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಕೆನಡಾದ್ದೂ ಬೇಕು, ಅಮೆರಿಕದ್ದೂ ಬೇಕು, ಏಕೆಂದರೆ ರೂಸ್‌ವಿಲ್‌ನಲ್ಲಿ ಗಡಿ ದಾಟುವುದು ಸೈಕಲ್ ಮೇಲೆಯೇ, ಎಲ್ಲಕ್ಕಿಂತ ಮೊದಲು ಆ ಅರ್ಜಿಗಳನ್ನು ಹಾಕಿ, ಟೈರು ಆಮೇಲೆ ಕೊಳ್ಳಿ.

ಮೇ ಮೂರನೇ ವಾರ ಕೊನೆಯ ಪರೀಕ್ಷೆ. ನಾಲ್ಕು ದಿನ, ಹಗಲು ಮಾತ್ರ, ಘಟ್ಟದ ಏಣಿನ ಉದ್ದಕ್ಕೂ: ಮೂಡಿಗೆರೆ, ಸಕಲೇಶಪುರ, ಬಿಸಿಲೆ, ಅಲ್ಲಿಂದ ಹಿಂದಕ್ಕೆ. ಬಿಸಿಲೆ ರಸ್ತೆಯಲ್ಲಿ ಒಂದು ಕಲ್ಲಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ನಾನು ಹೋಗಲಿದ್ದ ದಾರಿಯೂ ಇಂಥದೇ, ಒಂದು ಖಂಡದ ನೀರು ಪಾಲಾಗುವ ಏಣು. ವ್ಯೋಮಿಂಗ್‌ನಲ್ಲಿ ಆ ಏಣು ಎರಡಾಗಿ ಸೀಳಿ, ನಡುವಿನ ತಗ್ಗಿನಲ್ಲಿ ಬಿದ್ದ ನೀರು ಯಾವ ಸಾಗರಕ್ಕೂ ಹೋಗದೆ ಅಲ್ಲೇ ಇಂಗಿ ಆರುತ್ತದೆ. ಅಲ್ಲಿ ಆರು ಲೀಟರ್ ಹೊತ್ತು ಸಾಗಬೇಕು. ನಾನು ಆ ಆರು ಲೀಟರನ್ನು ಬಿಸಿಲೆಯ ದಾರಿಯಲ್ಲಿ, ಪ್ರತಿ ತಿರುವಿನಲ್ಲೂ ಹಳ್ಳ ಹರಿಯುತ್ತಿರುವಾಗ ಹೊತ್ತು ತುಳಿದೆ. ನೋಡಿದವರಿಗೆ ಹುಚ್ಚು ಎನಿಸಿರಬಹುದು.

ಆ ನಾಲ್ಕು ದಿನ ಚುಕ್ಕೆ ಎಲ್ಲಿ ನಿಂತರೂ ಯಾರಿಗೂ ಫೋನ್ ಮಾಡಕೂಡದು ಎಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಮಾಡಲಿಲ್ಲ. ಮೂರನೇ ದಿನ ಊಟ ಬಿಟ್ಟಳೆಂದು ಹೆಂಡತಿ ಆಮೇಲೆ ಹೇಳಿದಳು. ಅಮ್ಮನೂ ತಯಾರಿ ನಡೆಸಿದ್ದಳು.

ಜೂನ್ ಮೊದಲ ವಾರ, ಮಳೆ ಹಿಡಿದ ಸಂಜೆ, ಸೈಕಲ್ ಬಿಚ್ಚಿ ತುಂಬಿದ ರಟ್ಟಿನ ಪೆಟ್ಟಿಗೆಯೊಂದಿಗೆ ಬೆಂಗಳೂರು ಬಸ್ಸಿಗೆ ನಿಂತಿದ್ದೆ. ಕಂಡಕ್ಟರ್ ಪೆಟ್ಟಿಗೆಯನ್ನು ತಲೆಯಿಂದ ಬಾಲದವರೆಗೆ ನೋಡಿ, "ಇದಕ್ಕೆ ಲಗೇಜ್ ಟಿಕೆಟ್ ಆಗುತ್ತದೆ" ಎಂದರು. ನಾನು ಹಣ ಎಣಿಸುತ್ತಿರುವಾಗಲೇ ಅವರೂ, ಪಕ್ಕದಲ್ಲಿ ಕಾಯುತ್ತಿದ್ದ ಇಬ್ಬರು ಹುಡುಗರೂ ಪೆಟ್ಟಿಗೆ ಎತ್ತಿ ಬಸ್ಸಿನ ಹೊಟ್ಟೆಯೊಳಗೆ ತಳ್ಳಿಬಿಟ್ಟಿದ್ದರು. ಬೇಡ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ರೇಸ್ ಶುರುವಾಗಲು ಇನ್ನೂ ಎಂಟು ದಿನವಿತ್ತು.