ರೀಡ್‌ಬ್ಯಾಕ್ ಮುಗಿಯುವತನಕ ಕಿವಿ ಅಲ್ಲೇ

ಹುಬ್ಬಳ್ಳಿ ವಿಮಾನ ನಿಲ್ದಾಣದ ಟವರ್‌ನಲ್ಲಿ ಕೂತು, ಇಳಿಯಲು ಬರುವ ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡುವುದು ನನ್ನ ಕೆಲಸ. ಈ ಕೆಲಸಕ್ಕೆ ಬರಬೇಕೆನ್ನುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ: ‘ಸರ್, ಇಂಗ್ಲಿಷ್ ಭಾಳ ಫಾಸ್ಟ್ ಮಾತಾಡಾಕ ಬರಬೇಕೇನ್ರೀ?’

ಬೇಕಿಲ್ಲ. ನಿಮಿಷಕ್ಕೆ 100 ಪದ ದಾಟಬಾರದು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಬೇಕಾದದ್ದು ಕಿವಿ. ನಾವು ಹೇಳಿದ್ದನ್ನು ಪೈಲಟ್ ತಿರುಗಿ ಒಪ್ಪಿಸುತ್ತಾರೆ, ಅದಕ್ಕೆ ರೀಡ್‌ಬ್ಯಾಕ್ ಎನ್ನುತ್ತೇವೆ. ಅದನ್ನು ಒಂದು ಅಂಕಿಯೂ ಬಿಡದೆ ಕೇಳಬೇಕು. ಸರಿಯಾಗಿಯೇ ಹೇಳಿದ್ದೇವೆ ಎಂಬ ನಂಬಿಕೆಯಲ್ಲಿ ಕಿವಿ ಅರ್ಧ ಮುಚ್ಚುವುದು ಮನುಷ್ಯನ ಸ್ವಭಾವ. ಈ ಕೆಲಸದಲ್ಲಿ ತಿದ್ದಿಕೊಳ್ಳಬೇಕಾದದ್ದು ಆ ಸ್ವಭಾವವನ್ನೇ.

ನಾನು ಕಲಿತದ್ದು ಗದಗಿನ ಕನ್ನಡ ಶಾಲೆಯಲ್ಲಿ, ಆಮೇಲೆ ಬಿಎಸ್ಸಿ. ಪ್ರಯಾಗರಾಜದ ತರಬೇತಿಗೆ ಹೊರಡುವ ಮೊದಲೇ ಗದಗ–ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ ಅಭ್ಯಾಸ ಶುರು ಮಾಡಿದ್ದೆ. ಎದುರು ಬರುವ ಗಾಡಿಗಳ ನಂಬರನ್ನು ರೇಡಿಯೋ ಭಾಷೆಯಲ್ಲಿ ಓದುವುದು, ಕೆಎ ಅಂದರೆ ‘ಕಿಲೋ ಆಲ್ಫಾ’: ‘ಕಿಲೋ ಆಲ್ಫಾ ಟೂ ಸಿಕ್ಸ್’ ನಮ್ಮ ಗದಗ, ‘ಟೂ ಸೆವೆನ್’ ಹಾವೇರಿ, ‘ಸಿಕ್ಸ್ ಟ್ರೀ’ ಹುಬ್ಬಳ್ಳಿ. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಎನ್ನುವುದು ರೇಡಿಯೋದ ಕಟ್ಟುಪಾಡು, ಗರಗರ ಸದ್ದಿನಲ್ಲೂ ಅಂಕಿ ಕಲಸಬಾರದೆಂದು. ಅಣ್ಣಿಗೇರಿ ದಾಟುವಷ್ಟರಲ್ಲಿ ಬಾಯಿಗೆ ಸಲೀಸಾಯಿತು. ಆಮೇಲೆ ಕಷ್ಟ ಹೆಚ್ಚಿಸಿಕೊಂಡೆ: ಈಗ ಕಂಡ ಗಾಡಿಯ ನಂಬರ್ ಬಾಯಲ್ಲಿ ಹೇಳುತ್ತಾ, ಅದರ ಹಿಂದಿನದ್ದನ್ನು ಪಟ್ಟಿಯಲ್ಲಿ ಬರೆಯುವುದು. ಟವರ್‌ನಲ್ಲಿ ದಿನಾ ಮಾಡುವುದು ಇದನ್ನೇ. ಬಾಯಿ ಒಂದು ಕಡೆ, ಸ್ಟ್ರಿಪ್ (ಒಂದೊಂದು ವಿಮಾನದ ವಿವರ ಬರೆಯುವ ಕಾಗದದ ಚೀಟಿ) ಮೇಲಿನ ಪೆನ್ನು ಇನ್ನೊಂದು ಕಡೆ.

ಇಳಿಯುವ ವಿಮಾನ ನಮ್ಮ ಫ್ರೀಕ್ವೆನ್ಸಿಗೆ ಬಂದಾಗ ರನ್‌ವೇ, ಗಾಳಿ, ಕ್ಯೂಎನ್‌ಎಚ್ ಕೊಡುತ್ತೇವೆ. ಮಳೆಗಾಲದ ಪಡುವಣ ಗಾಳಿಗೆ ಸಾಮಾನ್ಯವಾಗಿ ರನ್‌ವೇ 26, ಅಂದರೆ ವಿಮಾನ ಊರಿನ ಕಡೆಯಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತದೆ. ಗಾಳಿಯನ್ನು ಪೈಲಟ್ ಒಪ್ಪಿಸಬೇಕಿಲ್ಲ, ರನ್‌ವೇ ಮತ್ತು ಕ್ಯೂಎನ್‌ಎಚ್ ಒಪ್ಪಿಸಲೇಬೇಕು. ಕ್ಯೂಎನ್‌ಎಚ್ ಎಂದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ. ಅದನ್ನು ಸರಿಯಾಗಿ ಇಟ್ಟರೆ, ಹುಬ್ಬಳ್ಳಿಯ ನೆಲದ ಮೇಲೆ ನಿಂತ ವಿಮಾನದ ಆಲ್ಟಿಮೀಟರ್ (ಎತ್ತರ ತೋರಿಸುವ ಮೀಟರ್) ಸುಮಾರು 2170 ಅಡಿ ತೋರಿಸುತ್ತದೆ. 1009 ಎಂದದ್ದನ್ನು 1019 ಎಂದು ಕೇಳಿಸಿಕೊಂಡು ಇಟ್ಟರೆ, ವಿಮಾನ ತಾನು ಅಂದುಕೊಂಡದ್ದಕ್ಕಿಂತ ಹೆಚ್ಚುಕಡಿಮೆ 300 ಅಡಿ ಕೆಳಗೆ ಇರುತ್ತದೆ. ಮೋಡ ಕವಿದ ಜುಲೈನಲ್ಲಿ, ಕಿಟಕಿಯಾಚೆ ಏನೂ ಕಾಣದಿರುವಾಗ, 300 ಅಡಿ ಎಂದರೆ ಎಷ್ಟು ಎಂದು ಯೋಚಿಸಿ. ಅದಕ್ಕೇ ನಾನು ಕ್ಯೂಎನ್‌ಎಚ್ ಸ್ಟ್ರಿಪ್ ಮೇಲೆ ಬರೆದಿಟ್ಟುಕೊಂಡು, ಪೈಲಟ್ ಹೇಳುವ ಒಂದೊಂದು ಅಂಕಿಯ ಕೆಳಗೂ ಪೆನ್ನು ಸರಿಸುತ್ತೇನೆ.

ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ಕೊನೆಯ ಹಾದಿಯಲ್ಲಿ ಅಂದಾಜು 120 ನಾಟ್, ಅಂದರೆ ಗಂಟೆಗೆ 120 ನಾಟಿಕಲ್ ಮೈಲಿ ವೇಗದಲ್ಲಿರುತ್ತದೆ. ನಾಲ್ಕು ನಾಟಿಕಲ್ ಮೈಲಿ ಉಳಿದಿದ್ದರೆ ಕೈಯಲ್ಲಿರುವುದು ಎರಡು ನಿಮಿಷ. ಏರ್‌ಬಸ್ 320 ಆದರೆ ಇನ್ನೂ ಕಡಿಮೆ. ‘ಕ್ಲಿಯರ್ಡ್ ಟು ಲ್ಯಾಂಡ್’ ಹೇಳುವ ಮೊದಲು ರನ್‌ವೇಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಾರೆ ನೋಡುತ್ತೇನೆ: ಜೀಪು ಹೊರಬಂತೇ, ಹಕ್ಕಿಗಳಿವೆಯೇ, ನಾಯಿ ನುಗ್ಗಿದೆಯೇ. ಅನುಮತಿ ಕೊಟ್ಟು, ರೀಡ್‌ಬ್ಯಾಕ್ ಕೇಳಿದ ಮೇಲೆ ಮೈಕ್ ಮುಟ್ಟುವುದಿಲ್ಲ. ಕೊನೆಯ ಹಂತದಲ್ಲೂ ನೆಲ ಮುಟ್ಟಿ ಓಡುವಾಗಲೂ ಸುರಕ್ಷತೆಯ ಕಾರಣವಿಲ್ಲದೆ ಪೈಲಟನ್ನು ಮಾತಾಡಿಸಬಾರದು. ಎಲ್ಲಿ ಹೊರಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆಮೇಲಿನ ಮಾತು. ನನಗೆ ಕೆಲಸ ಕಲಿಸಿದ ಹಾವೇರಿ ಕಡೆಯ ಹಿರಿಯರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು: ‘ತಮ್ಮಾ, ಅವರ ಕೈ ಈಗ ತುಂಬೇತಿ. ಸುಮ್ನ ಕೂಡ್ರು.’

ಇನ್ನೊಂದು ಸಂಗತಿ. ನಮ್ಮ ರೇಡಿಯೋ ಎಫ್‌ಎಂ ಸ್ಟೇಷನ್‌ಗಳಂತೆ ವಿಎಚ್‌ಎಫ್ ಅಲೆಗಳದ್ದೇ, ಆದರೆ ದನಿಯನ್ನು ಅಲೆಯ ಮೇಲೆ ಏರಿಸುವ ವಿಧಾನ ಎಫ್‌ಎಂ ಅಲ್ಲ, ಎಎಂ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೀಂ ಎನ್ನುವ ಸದ್ದು ಬರುತ್ತದೆ. ಎಫ್‌ಎಂ ಆಗಿದ್ದರೆ ಜೋರಿನ ದನಿ ಮಾತ್ರ ಕೇಳಿ, ಇನ್ನೊಂದು ಗೊತ್ತಿಲ್ಲದಂತೆ ಮುಳುಗಿಹೋಗುತ್ತಿತ್ತು. ಆ ಸದ್ದು ಕೇಳಿದರೆ ಊಹೆ ಮಾಡಬಾರದು, ಒಬ್ಬೊಬ್ಬರನ್ನೇ ಕರೆದು ಮತ್ತೆ ಕೇಳಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗೆ ಇಳಿದಿತ್ತು. ಅಂಕಿಗಳ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಆ ಘಟನೆಯೂ ಕಾರಣ.

ತಯಾರಿ ನಡೆಸಿರುವವರು ಮನೆಯಲ್ಲೇ ಇದನ್ನು ಮಾಡಿ. ತಂಗಿಯನ್ನೋ ಗೆಳೆಯನನ್ನೋ ಎದುರು ಕೂರಿಸಿಕೊಂಡು ನೀವು ರನ್‌ವೇ, ಕ್ಯೂಎನ್‌ಎಚ್ ಹೇಳಿ. ಅವರು ಒಪ್ಪಿಸುವಾಗ ತಮಗೆ ಬೇಕಾದಾಗ, ನಿಮಗೆ ಹೇಳದೆ, ಒಂದು ಅಂಕಿ ಬದಲಿಸಲಿ. ಸಿಕ್ಕ ತಕ್ಷಣ ‘ನೆಗೆಟಿವ್, ಕ್ಯೂಎನ್‌ಎಚ್ ಒನ್ ಝೀರೋ ಝೀರೋ ನೈನರ್’ ಎಂದು ತಿದ್ದಿ, ತಿದ್ದಿದ್ದನ್ನೂ ಮತ್ತೆ ಒಪ್ಪಿಸಿಕೊಳ್ಳಿ. ಟಿವಿ ಜೋರಾಗಿ ಹಚ್ಚಿಟ್ಟು, ಅಡಿಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಮಾಡಿದರೆ ಇನ್ನೂ ಒಳ್ಳೆಯದು.